ಎಣ್ಣೆ ಉರಿಸಬಹುದೋ, ಉರಿಸಬೇಕೋ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಜಗಳಕ್ಕೆ. ಜಗಳ ದೊಡ್ಡದೇನಲ್ಲ, ಒಂದೇ ಒಂದು ಮಾತಿನ ಜೊತೆ. ಈಗೀಗ ಇಂಥ ಆಟಗಳನ್ನು ಆನ್‌ಲೈನ್‌ನಲ್ಲಿ ನೂರಾರು ಜನ ಸೇರಿ, ನಿಯಮ ನಿಯಮಕ್ಕೂ ಮತ ಹಾಕಿ ಕಟ್ಟುತ್ತಾರೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಜನ ಸೇರುವುದು ನಿಜ. ಆಟ ಕಟ್ಟುವುದೂ ನಿಜ. ಮಧ್ಯದಲ್ಲಿ ಬಂದು ಕೂತಿರುವ ಆ 'ಮತ' ಇದೆಯಲ್ಲ, ಅದು ಸರಿಯಿಲ್ಲ. ನಾವು ಮತ ಹಾಕಿಯೇ ಶುರು ಮಾಡಿ ಕೈ ಸುಟ್ಟುಕೊಂಡವರು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ನಾನು ಮೂಲತಃ ಆಟದವಳಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದೆ. ಡೈಸ್ ಅಂದರೆ ನನಗೆ ಪಾಠದ ಸಾಮಾನು. ಎರಡು ಡೈಸ್ ಉರುಳಿಸಿದರೆ ಒಟ್ಟು ಏಳು ಬರುವ ಸಾಧ್ಯತೆ ಎಷ್ಟು ಅಂತ ಕೇಳುವುದು, ಹಿಂದಿನ ಬೆಂಚಿನವರು ತಲೆ ಕೆರೆದುಕೊಳ್ಳುವುದು, ಅಷ್ಟೇ. ಒಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿ, ಮೂರು ಡೈಸ್ ಹಾಕಿ ಅದರಲ್ಲಿ ದೊಡ್ಡ ಎರಡನ್ನು ಮಾತ್ರ ಕೂಡಿದರೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬರುವ ಚಾನ್ಸ್ ಎಷ್ಟು ಅಂತ ಕೇಳಿದ. ಕಾಗದ ತೆಗೆದುಕೊಂಡು ಕೂತೆ. 216 ಸಾಧ್ಯತೆಗಳಲ್ಲಿ 77. ಅಂದರೆ ನೂರಕ್ಕೆ ಹತ್ತಿರ ಹತ್ತಿರ 36. ಹೇಳಿದೆ. 'ಹಾಗಾದರೆ ನಾವು ಅಂದುಕೊಂಡಿದ್ದೆಲ್ಲ ತಪ್ಪು' ಅಂದ. ಆ 'ನಾವು' ಯಾರು ಅಂತ ಕೇಳಿದ್ದೇ ತಪ್ಪಾಯಿತು. ಆನ್‌ಲೈನ್‌ನಲ್ಲಿ ಸೇರಿ ಇಂಥದ್ದೊಂದು ಆಟ ಕಟ್ಟುತ್ತಿದ್ದ ಗುಂಪು ಅದು. ಮಾರನೇ ದಿನ ನಾನೂ ಆ ಗುಂಪಿನಲ್ಲಿದ್ದೆ. ಈಗ ಅಲ್ಲಿ ನನ್ನ ಹೆಸರು ಲೆಕ್ಕದಮ್ಮ.

ಈ ಆಟಗಳನ್ನು ನೋಡದವರಿಗಾಗಿ ಎರಡು ಮಾತು. ಬೋರ್ಡ್ ಇರುವುದಿಲ್ಲ, ಕಾಯಿ ಇದ್ದರೂ ಇರಬಹುದು. ಮೂರು ನಾಲ್ಕು ಜನ ಕೂರುತ್ತಾರೆ, ಪ್ರತಿಯೊಬ್ಬರೂ ಒಂದೊಂದು ಪಾತ್ರ. ಇನ್ನೊಬ್ಬರು ಜಿಎಂ, ಅಂದರೆ ಕಥೆಯ ಲೋಕವನ್ನು ನಡೆಸುವವರು. 'ಬಾಗಿಲು ಒಳಗಿಂದ ಹಾಕಿದೆ, ಏನು ಮಾಡುತ್ತೀರಿ?' ಅಂತ ಜಿಎಂ ಕೇಳುತ್ತಾರೆ. ಆಟಗಾರರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದ ಕಡೆ ಡೈಸ್ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಈ ಬಗೆಯ ಮೊದಲ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಅದು ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ. ಮೊದಲು ಅಚ್ಚಾಗಿದ್ದು 1000 ಪ್ರತಿ. ಕೊಂಡವರು ಸುಮ್ಮನಿರಲಿಲ್ಲ. ಅರ್ಥವಾಗದ ಕಡೆ ತಮ್ಮದೇ ನಿಯಮ ಸೇರಿಸಿಕೊಂಡು ಆಡಿದರು. ಹಾಗಾಗಿ ಆಡುವವರೇ ಆಟ ಕಟ್ಟುವುದು ಈಗಿನ ಇಂಟರ್ನೆಟ್ಟಿನ ಚಾಳಿ ಅಲ್ಲ, ಹುಟ್ಟಿನಿಂದಲೇ ಬಂದದ್ದು.

ನಮ್ಮ ಆಟದ ಕಥೆ ಇಷ್ಟು. ಸಮುದ್ರದ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಒಂದು ದೀಪಸ್ತಂಭ. ಆಟಗಾರರು ದೀಪ ಕಾಯುವವರು. ಒಂದೇ ರಾತ್ರಿ, ಬಿರುಗಾಳಿ, ದೂರದಲ್ಲಿ ಹಡಗುಗಳು. ರಾತ್ರಿಗೆ ಹನ್ನೆರಡು ಸುತ್ತು. ಎಲ್ಲರಿಗೂ ಸೇರಿ 12 ಅಳತೆ ಎಣ್ಣೆ. ಏನೇ ಸಾಹಸ ಮಾಡಿದರೂ ಎರಡು ಡೈಸ್. ಹತ್ತು ಅಥವಾ ಜಾಸ್ತಿ ಬಂದರೆ ಕೆಲಸ ಸಲೀಸು. ಏಳರಿಂದ ಒಂಬತ್ತಾದರೆ ಕೆಲಸ ಆಗುತ್ತದೆ, ಆದರೆ ಏನಾದರೂ ಕಳೆದುಕೊಳ್ಳಬೇಕು. ಆರು ಅಥವಾ ಕಡಿಮೆ ಬಂದರೆ ಕಷ್ಟ ಕಾದಿದೆ. ಈ ಮೂರು ಮೆಟ್ಟಿಲು ನಮ್ಮ ಬುದ್ಧಿಯದ್ದಲ್ಲ. ವಿನ್ಸೆಂಟ್ ಬೇಕರ್ ಮತ್ತು ಮೆಗೀ ಬೇಕರ್ 2010ರಲ್ಲಿ ಅಪೋಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಲ್ಲಿ ತಂದದ್ದು. ಆಮೇಲೆ ಎಷ್ಟೋ ಆಟಗಳು ಅದನ್ನು ಎತ್ತಿಕೊಂಡವು. ಲೆಕ್ಕದವಳಿಗೆ ಅದರ ಸೊಗಸು ತಕ್ಷಣ ಕಾಣುತ್ತದೆ. ಎರಡು ಡೈಸ್‌ನ 36 ಸಾಧ್ಯತೆಗಳಲ್ಲಿ 15 ಕಷ್ಟಕ್ಕೆ, 15 ಅರೆಬರೆ ಗೆಲುವಿಗೆ, ಆರೇ ಆರು ಪೂರ್ತಿ ಗೆಲುವಿಗೆ. ಪೂರ್ತಿ ಗೆಲುವು ಅಪರೂಪ ಆದ್ದರಿಂದಲೇ ಕಥೆ ಮುಂದೆ ಓಡುತ್ತದೆ.

ಎಣ್ಣೆಯ ಕೆಲಸ ಏನು? ಒಂದು ಅಳತೆ ಉರಿಸಿದರೆ ಇನ್ನೊಂದು ಡೈಸ್ ಸಿಗುತ್ತದೆ, ಮೂರರಲ್ಲಿ ದೊಡ್ಡ ಎರಡನ್ನು ಇಟ್ಟುಕೊಳ್ಳಬಹುದು. ಆಗ ಕಷ್ಟದ ಸಾಧ್ಯತೆ ನೂರಕ್ಕೆ 42ರಿಂದ 19ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಕಡಿಮೆ! ಒಂದು ಅಳತೆ ಎಣ್ಣೆಗೆ ಇದು ಭಾರೀ ಅಗ್ಗ. ಇಷ್ಟು ಅಗ್ಗವಾದರೆ ಎಲ್ಲರೂ ಮೊದಲ ಮೂರು ಸುತ್ತಿನಲ್ಲೇ ಉರಿಸಿ ಮುಗಿಸುತ್ತಾರೆ ಅಂತ ನನಗೆ ಭಯ. ಗುಂಪಿನಲ್ಲಿ ಹೇಳಿದೆ. ಅದಕ್ಕೆ ಒಬ್ಬರು, ಬೆಳಗಿನ ಹೊತ್ತಿಗೆ ಉಳಿದ ಪ್ರತಿ ಅಳತೆಗೂ ಒಂದು ಅಂಕ ಕೊಡೋಣ, ಜನ ಕೈ ಹಿಡಿದು ಖರ್ಚು ಮಾಡುತ್ತಾರೆ ಅಂದರು. ಇನ್ನೊಬ್ಬರು ಉರಿಸುವುದಕ್ಕೆ ಮಿತಿ ಇಡೋಣ ಅಂದರು. ಮತ್ತೊಬ್ಬರು ಎಣ್ಣೆಯ ಗೊಡವೆಯೇ ಬೇಡ ಅಂದರು. ವಾದ ಹನ್ನೊಂದು ದಿನ ನಡೆಯಿತು. ಕೊನೆಗೆ, ಮತಕ್ಕೆ ಹಾಕೋಣ ಅಂತಾಯಿತು. 64 ಜನ ಮತ ಹಾಕಿದರು. ಉಳಿದ ಎಣ್ಣೆಗೆ ಅಂಕ ಅನ್ನುವ ನಿಯಮಕ್ಕೆ 41. ನನ್ನದೂ ಅದರಲ್ಲಿ ಒಂದು. ಓದುವುದಕ್ಕೆ ಅದು ಎಷ್ಟು ಚೆನ್ನಾಗಿತ್ತು ಗೊತ್ತಾ! ಸಂಯಮ, ನಾಳೆಯ ಚಿಂತೆ, ಎಲ್ಲ ಇತ್ತು ಅದರಲ್ಲಿ.

ಆಡಿ ನೋಡಿದೆವು. ಮೂರು ಟೇಬಲ್, ಅಂದರೆ ಆಡುವವರ ಮೂರು ತಂಡ, ಮೂರು ಬೇರೆ ಬೇರೆ ರಾತ್ರಿ, ಎಲ್ಲ ವಿಡಿಯೋ ಕಾಲ್‌ನಲ್ಲಿ. ಬೆಳಗಾಗುವ ಹೊತ್ತಿಗೆ ಮೊದಲ ಟೇಬಲ್‌ನಲ್ಲಿ ಒಂಬತ್ತು ಅಳತೆ ಎಣ್ಣೆ ಉಳಿದಿತ್ತು, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು. ಹಡಗುಗಳು ಮುಳುಗುತ್ತಿವೆ, ಕಾವಲುಗಾರರು ಎಣ್ಣೆ ಡಬ್ಬ ತಬ್ಬಿಕೊಂಡು ಕೂತಿದ್ದಾರೆ. 'ಮುಂದೆ ಇದಕ್ಕಿಂತ ಕಷ್ಟ ಬಂದರೆ?' ಅಂತ ಪ್ರತಿ ಸುತ್ತಿನಲ್ಲೂ ಯಾರಾದರೂ ಒಬ್ಬರು ಹೇಳುತ್ತಿದ್ದರು. ಮುಂದೆ ಬರುವ ಹೊತ್ತಿಗೆ ಆಟ ಮುಗಿದಿರುತ್ತಿತ್ತು. ಮೂರನೇ ಟೇಬಲ್‌ನಲ್ಲಿ ಒಬ್ಬ ಹುಡುಗ ಕೊನೆಗೆ ನಕ್ಕುಬಿಟ್ಟ. 'ನಾವು ದೀಪ ಕಾಯಲಿಲ್ಲ, ಎಣ್ಣೆ ಕಾದೆವು' ಅಂದ. ಅದಕ್ಕಿಂತ ಚೆನ್ನಾದ ವಿಮರ್ಶೆ ನಮಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಆ ರಾತ್ರಿ ನಾನು ಮತದ ಪಟ್ಟಿ ತೆಗೆದು ನೋಡಿದೆ. ಮತ ಹಾಕಿದ 64 ಜನರಲ್ಲಿ ಅಲ್ಲಿಯವರೆಗೆ ಆಟವನ್ನು ಒಂದು ಸಲವಾದರೂ ಆಡಿದ್ದವರು ಒಂಬತ್ತು ಜನ. ಉಳಿದ 55 ಜನ ಓದಿ ಹಾಕಿದ್ದರು. ಕೆಲವರು ಅದನ್ನೂ ಓದಿರಲಿಲ್ಲ, ವಾದದ ಬಿಸಿಗೆ ಹಾಕಿದ್ದರು. ನನ್ನ ವಿದ್ಯಾರ್ಥಿ ಯಾರಾದರೂ ಇಂಥ ಸಮೀಕ್ಷೆ ಮಾಡಿಕೊಂಡು ಬಂದಿದ್ದರೆ ಸೊನ್ನೆ ಹಾಕಿ ಕಳಿಸುತ್ತಿದ್ದೆ. ಯಾರನ್ನು ಕೇಳಬೇಕು, ಏನು ಕೇಳಬೇಕು ಅನ್ನುವುದೇ ಸಂಖ್ಯಾಶಾಸ್ತ್ರದ ಮೊದಲ ಪಾಠ. ಮೂವತ್ತು ವರ್ಷ ಅದನ್ನೇ ಹೇಳಿಕೊಟ್ಟು ಕೊನೆಗೆ ನಾನೇ ಮರೆತಿದ್ದೆ.

ನಾಲ್ಕನೇ ಟೇಬಲ್‌ದು ಬೇರೆಯೇ ಕಥೆ. ಅದು ಬ್ಲೈಂಡ್ ಪ್ಲೇಟೆಸ್ಟ್. ಅಂದರೆ ಆಟ ಕಟ್ಟಿದವರು ಯಾರೂ ಆಡುವ ಹಾಗಿಲ್ಲ, ಮಾತಾಡುವ ಹಾಗೂ ಇಲ್ಲ. ಗುಂಪಿಗೆ ಪರಿಚಯವೇ ಇಲ್ಲದ ನಾಲ್ಕು ಜನ ನಮ್ಮ ಕರಡನ್ನು ಓದಿಕೊಂಡು, ತಾವೇ ಅರ್ಥ ಮಾಡಿಕೊಂಡು ಆಡುತ್ತಾರೆ. ನಾವು ಮೈಕ್ ಆಫ್ ಮಾಡಿ ನೋಡುತ್ತಾ ಕೂರಬೇಕು. ಪಾಠ ಮಾಡಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎದುರಿಗೆ ತಪ್ಪು ನಡೆಯುತ್ತಿದೆ, ತಿದ್ದುವ ಹಾಗಿಲ್ಲ!

ಮೊದಲ ಸುತ್ತು ಮುಗಿಯಿತು. ಜಿಎಂ ಆಗಿದ್ದಾಕೆ 'ಸರಿ, ಒಂದು ಎಣ್ಣೆ ಕಳೆಯಿರಿ' ಅಂದರು. ಯಾರೂ ಎಣ್ಣೆ ಉರಿಸಿರಲಿಲ್ಲ. ಆದರೂ ಕಳೆದರು. ಎರಡನೇ ಸುತ್ತಿನಲ್ಲೂ ಕಳೆದರು. ನನ್ನ ಜೊತೆ ನೋಡುತ್ತಿದ್ದ ಅಕ್ಕನ ಮಗ 'ತಪ್ಪಾಗಿ ಆಡ್ತಿದ್ದಾರೆ, ಹೇಳಿಬಿಡಲಾ?' ಅಂತ ಮೆಸೇಜ್ ಹಾಕಿದ. ನನಗೂ ಬೆರಳು ತುರಿಸುತ್ತಿತ್ತು. 'ಬೇಡ' ಅಂತ ಬರೆದೆ. ಯಾಕೆ ಹಾಗೆ ಬರೆದೆ ಅಂತ ಈಗಲೂ ಗೊತ್ತಿಲ್ಲ. ಬಹುಶಃ ಅವರ ಮುಖ ನೋಡಿ ಇರಬೇಕು. ಹಿಂದಿನ ಮೂರು ಟೇಬಲ್‌ಗಳಲ್ಲಿ ಜನ ಕುರ್ಚಿಗೆ ಒರಗಿ ಕೂತಿದ್ದರು. ಇವರು ಕ್ಯಾಮೆರಾ ಹತ್ತಿರ ಬಗ್ಗಿದ್ದರು.

ಐದನೇ ಸುತ್ತಿನಲ್ಲಿ ಒಬ್ಬಳ ಪಾತ್ರ ಮೆಟ್ಟಿಲಿಂದ ಜಾರಿತು. ಅವಳನ್ನು ಹಿಡಿಯಲು ಇನ್ನೊಂದು ಅಳತೆ ಉರಿಸಿದರು. ಉರಿಸುವ ಮುಂಚೆ ಎರಡು ನಿಮಿಷ ಜಗಳ. 'ಇವಳನ್ನು ಉಳಿಸಿದರೆ ಬೆಳಗಿನ ಜಾವ ಕತ್ತಲಾಗುತ್ತೆ' ಅಂತ ಒಬ್ಬ, 'ಆಗಲಿ' ಅಂತ ಇನ್ನೊಬ್ಬಳು. ಮುಂದೆ ಇನ್ನೆರಡು ಸಲ ಹಾಗೇ ಆಯಿತು. ಒಂಬತ್ತನೇ ಸುತ್ತು ಮುಗಿದಾಗ ಎಣ್ಣೆ ಖಾಲಿ. ಇನ್ನೂ ಮೂರು ಸುತ್ತು ಬಾಕಿ. ದೀಪ ಇಲ್ಲ, ಹಡಗು ಬರುತ್ತಿದೆ. ಆಗ ಒಬ್ಬಳು ಎದ್ದು ಹೋಗಿ ತನ್ನ ಕೋಣೆಯ ಲೈಟ್ ಆರಿಸಿ ಬಂದು ಕೂತಳು. ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಆರಿಸಿದರು. ಪರದೆಯ ಮೇಲೆ ನಾಲ್ಕು ಕಪ್ಪು ಚೌಕ, ಮುಖದ ಮೇಲೆ ಸ್ಕ್ರೀನಿನ ನೀಲಿ ಬೆಳಕು ಅಷ್ಟೇ. ದನಿ ತಗ್ಗಿಸಿ ಮಾತಾಡುತ್ತಿದ್ದರು. ಹಡಗಿಗೆ ಕೇಳುವ ಹಾಗೆ ಕೂಗಬೇಕು ಅಂತ ಕೊನೆಗೆ ಹೊಳೆದಾಗ, ನಿಜವಾಗಿ ಒಬ್ಬ ಕೂಗಿಯೇಬಿಟ್ಟ. ಪಕ್ಕದ ಕೋಣೆಯಿಂದ ಯಾರೋ ಬೈದದ್ದೂ ಕೇಳಿಸಿತು.

ಆಟ ಮುಗಿದ ಮೇಲೆ ಕರಡು ತೆಗೆದು ನೋಡಿದೆವು. ನಾಲ್ಕನೇ ಪುಟದಲ್ಲಿ 'ಪ್ರತಿ ಸುತ್ತಿನಲ್ಲೂ ಒಂದು ಅಳತೆ ಎಣ್ಣೆ ಉರಿಸಬಹುದು' ಅಂತ ಇತ್ತು. ಒಂಬತ್ತನೇ ಪುಟದ ಚಿಕ್ಕ ಪಟ್ಟಿಯಲ್ಲಿ 'ಸುತ್ತಿನ ಕೊನೆಗೆ ಒಂದು ಅಳತೆ ಎಣ್ಣೆ ಉರಿಸಬೇಕು' ಅಂತ ಇತ್ತು. ನಾಲ್ಕನೇ ಪುಟ ಒಬ್ಬರು ಬರೆದದ್ದು, ಪಟ್ಟಿ ಇನ್ನೊಬ್ಬರು ಮಾಡಿದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಹತ್ತು ಕೈ ಸೇರಿದರೆ ಆಗುವ ಮಾಮೂಲಿ ಎಡವಟ್ಟು. ಆದರೆ ಹನ್ನೊಂದು ದಿನದ ವಾದ, 64 ಮತ ಕೊಡದೇ ಇದ್ದದ್ದನ್ನು ಆ ಒಂದು 'ಬೇಕು' ಕೊಟ್ಟಿತ್ತು. ಎಣ್ಣೆ ತಾನಾಗಿಯೇ ಉರಿಯುತ್ತದೆ, ಕೂಡಿಡುವ ಮಾತೇ ಇಲ್ಲ. ಇನ್ನೊಬ್ಬರಿಗಾಗಿ ಇನ್ನೊಂದು ಅಳತೆ ಉರಿಸಿದರೆ ರಾತ್ರಿಯ ಕೊನೆ ಕತ್ತಲಾಗುತ್ತದೆ. ಈಗ ಅದೇ ನಮ್ಮ ಆಟದ ಬೆನ್ನೆಲುಬು. ಹನ್ನೆರಡು ಅಳತೆ ತೀರಾ ಬಿಗಿ ಅನ್ನಿಸಿತು. 20 ಮಾಡಿ ನೋಡಿದೆವು, ಬಿಗಿಯೇ ಇಲ್ಲ, ಎಲ್ಲ ಸಡಿಲ. ಸದ್ಯಕ್ಕೆ 15ರಲ್ಲಿ ನಿಂತಿದ್ದೇವೆ.

ಇದನ್ನು ಗುಂಪಿಗೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದ ನಿಯಮವನ್ನು ತೆಗೆದುಹಾಕಿದ್ದಕ್ಕೆ ಕೆಲವರಿಗೆ ಸಿಟ್ಟು ಬಂತು. ಮೂವರು ಬಿಟ್ಟೇ ಹೋದರು. ಅದರಲ್ಲಿ ಒಬ್ಬರು ಹೋಗುವ ಮುಂಚೆ, ಮಾತು ಕೇಳಿ ಆಮೇಲೆ ಕಸಕ್ಕೆ ಎಸೆಯುವುದಾದರೆ ಕೇಳಿದ್ದು ಯಾಕೆ ಅಂತ ಬರೆದಿದ್ದರು. ಅವರು ಹೇಳಿದ್ದು ಸರಿ. ಮತ ಕೇಳಿದ ಮೇಲೆ ಅದಕ್ಕೆ ತಲೆಬಾಗಬೇಕು. ನಮ್ಮ ತಪ್ಪು ಆ ಮತವನ್ನು ಮುರಿದದ್ದಲ್ಲ, ಕೇಳಬಾರದ ಕಡೆ ಕೇಳಿದ್ದು.

ಅವತ್ತಿಂದ ನಾವು ಕೇಳುವ ಪ್ರಶ್ನೆ ಬದಲಾಯಿತು. ಯಾವ ನಿಯಮ ಇಷ್ಟ ಅಂತ ಯಾರನ್ನೂ ಕೇಳುವುದಿಲ್ಲ. ಆಡಿ ಬಂದವರನ್ನು ಮಾತ್ರ ಕೇಳುತ್ತೇವೆ. ಯಾವಾಗ ಫೋನ್ ಕಡೆ ಕೈ ಹೋಯಿತು? ಯಾವ ನಿಯಮವನ್ನು ಎರಡನೇ ಸಲ ಹುಡುಕಬೇಕಾಯಿತು? ಮಾರನೇ ದಿನ ಗೆಳೆಯರಿಗೆ ಹೇಳಿದ್ದರೆ ಯಾವ ಘಟನೆ ಹೇಳಿದಿರಿ? ಈ ಮೂರನೆಯ ಪ್ರಶ್ನೆಗೆ ಉತ್ತರ ಖಾಲಿ ಬಂದರೆ, ಉಳಿದ ಎರಡಕ್ಕೆ ಎಷ್ಟೇ ಒಳ್ಳೆಯ ಉತ್ತರ ಬಂದರೂ ಆ ರಾತ್ರಿ ಆಟ ಸೋತಿದೆ ಅಂತಲೇ ಲೆಕ್ಕ.

ಬರೆಯುವ ಪೆನ್ ಒಬ್ಬರ ಕೈಗೇ ಕೊಟ್ಟೆವು. ಎಲ್ಲರೂ ಕಾಮೆಂಟ್ ಹಾಕಬಹುದು, ಕರಡನ್ನು ತಿದ್ದುವವರು ಒಬ್ಬರೇ. ಆಕೆ ವೃತ್ತಿಯಲ್ಲಿ ಯಂತ್ರಗಳ ಬಳಕೆಯ ಕೈಪಿಡಿ ಬರೆಯುವವರು. ಸುಮ್ನೆ ಕೂತು 31 ಪುಟವನ್ನು 18ಕ್ಕೆ ಇಳಿಸಿದರು. ನಾನು ಆಸೆಪಟ್ಟು ಬರೆದಿದ್ದ ಡೈಸ್ ಲೆಕ್ಕದ ಎರಡು ಪುಟವೂ ಹಾರಿಹೋಯಿತು. ಎರಡು ದಿನ ಮಾತು ಬಿಟ್ಟೆ. ಆಮೇಲೆ ಓದಿದಾಗ ಅದು ಇಲ್ಲದ್ದು ಗೊತ್ತೇ ಆಗಲಿಲ್ಲ. ಅದು ಇನ್ನೂ ಜಾಸ್ತಿ ನೋವು, ಅಲ್ವಾ!

ಇದೇನೂ ನಮ್ಮ ಹೊಸ ಸಂಶೋಧನೆಯಲ್ಲ ಅಂತ ಆಮೇಲೆ ತಿಳಿಯಿತು. 1992ರಲ್ಲಿ ಸ್ಟೆಫನ್ ಓಸಲಿವನ್ ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾ ಜಾಲದಲ್ಲಿ, ಎಲ್ಲರೂ ಸೇರಿ ಎಲ್ಲರಿಗೂ ಉಚಿತವಾಗಿ ಸಿಗುವ ಒಂದು ಆಟ ಮಾಡೋಣ ಅಂತ ಶುರು ಮಾಡಿದರು. ಆಗಿನ್ನೂ ವೆಬ್ ಅಂದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲ. ಮೊದಲು ಅದಕ್ಕೆ ಸ್ಲಗ್ ಅಂತ ಹೆಸರು, ಆಮೇಲೆ ಫಡ್ಜ್ ಆಯಿತು. ಅದಕ್ಕೊಂದು ವಿಚಿತ್ರ ಡೈಸ್. ಅಂಕಿಗಳಿಲ್ಲ. ಎರಡು ಮುಖಕ್ಕೆ ಪ್ಲಸ್, ಎರಡಕ್ಕೆ ಮೈನಸ್, ಎರಡು ಖಾಲಿ. ಅಂಥ ನಾಲ್ಕನ್ನು ಒಟ್ಟಿಗೆ ಉರುಳಿಸಬೇಕು. 81 ಸಾಧ್ಯತೆಗಳಲ್ಲಿ 51 ಸಲ ಉತ್ತರ ಮೈನಸ್ ಒಂದು, ಸೊನ್ನೆ ಅಥವಾ ಪ್ಲಸ್ ಒಂದು. ಅಂದರೆ ನುರಿತವನು ಬಹುಮಟ್ಟಿಗೆ ನುರಿತವನ ಹಾಗೇ ಕೆಲಸ ಮಾಡುತ್ತಾನೆ, ಡೈಸ್ ಅವನ ಮಾನ ಕಳೆಯುವುದಿಲ್ಲ. (ತರಗತಿಯಲ್ಲಿ ಇದು ನನ್ನ ಕೈಲಿದ್ದಿದ್ದರೆ!) ಸಲಹೆ ಕೊಟ್ಟವರು ಬೇಕಾದಷ್ಟು ಜನ. ಬರೆದು ಒಂದು ರೂಪಕ್ಕೆ ತಂದದ್ದು ಓಸಲಿವನ್. ಆ ಫಡ್ಜ್‌ನಿಂದಲೇ ಮುಂದೆ ಫೇಟ್ ಎಂಬ ಇನ್ನೊಂದು ಹೆಸರಾಂತ ಆಟ ಹುಟ್ಟಿತು.

ದೊಡ್ಡವರ ಕಥೆಯೂ ಹಾಗೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಗೆ ಮುಂಚೆ 2012ರ ಮೇ ತಿಂಗಳಿಂದ ಎಲ್ಲರಿಗೂ ಕರಡು ಕೊಟ್ಟು ಆಡಿಸಿದರು. ಒಂದು ಲಕ್ಷ 75 ಸಾವಿರಕ್ಕೂ ಹೆಚ್ಚು ಜನ ಆಡಿ ನೋಡಿದರು ಅಂತ 2014ರಲ್ಲಿ ಬಂದ ಪುಸ್ತಕದಲ್ಲೇ ಇದೆ. ಅಷ್ಟು ಜನರ ಅಭಿಪ್ರಾಯ ಪಡೆದರೂ ನಿಯಮ ಬರೆದದ್ದು ಬೆರಳೆಣಿಕೆಯ ವಿನ್ಯಾಸಕಾರರು. ನಿಮ್ಮ ಬರಹದಲ್ಲಿ ಇಂಥದ್ದನ್ನೇ ಮತ ಅಂತ ಕರೆದಿರಬಹುದು. ನಾನು ಇದನ್ನು ಸಾಕ್ಷಿ ಅನ್ನುತ್ತೇನೆ. ಸಾಕ್ಷಿ ಹೇಳುವವರು ಜಾಗದಲ್ಲಿ ಇದ್ದಿರಬೇಕು, ಮತ ಹಾಕುವವರಿಗೆ ಆ ಷರತ್ತಿಲ್ಲ.

ಹಾಗಂತ ನಾವು ಮತವನ್ನು ಪೂರ್ತಿ ಬಿಟ್ಟಿಲ್ಲ. ಯಾವುದಕ್ಕೂ ಕೇಳದಿದ್ದರೆ ಜನ ಇದು ನಮ್ಮದು ಅಂತ ಹೇಗೆ ಅಂದುಕೊಳ್ಳುತ್ತಾರೆ ಅಂತ ಗುಂಪಿನ ಒಬ್ಬಳು ಕಿರಿಯ ಸದಸ್ಯೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಆಟದ ಹೆಸರು, ಮುಖಪುಟದ ಬಣ್ಣ, ಮುಂದಿನ ಟೆಸ್ಟ್ ಯಾವ ವಾರ, ಇಂಥದ್ದಕ್ಕೆಲ್ಲ ಮತ ಇದೆ. ಹೆಸರಿನ ಚುನಾವಣೆಯಲ್ಲಿ 'ದೀಪದ ಪಾಳಿ' ಗೆದ್ದಿತು. ನಾನು ಸೂಚಿಸಿದ ಹೆಸರಿಗೆ ಎರಡು ಮತ ಬಂತು. ಒಂದು ನನ್ನದು. ಇನ್ನೊಂದು ಅಕ್ಕನ ಮಗನದಲ್ಲ, ಕೇಳಿ ನೋಡಿದೆ.

ನಿಮ್ಮ ಬರಹ ಮುಟ್ಟದೇ ಬಿಟ್ಟ ಇನ್ನೊಂದು ವಿಷಯ ಇದೆ. ಹತ್ತಾರು ಜನ ಸೇರಿ ಮಾಡಿದ್ದು ಕೊನೆಗೆ ಯಾರದ್ದು? ನಮಗೆ ಈ ಪ್ರಶ್ನೆ ಬಂದದ್ದು ತಡವಾಗಿ. ಗುಂಪಿನ ಒಬ್ಬರು ಚಿತ್ರಗಾರ್ತಿ ಆಟಕ್ಕಾಗಿ ಹನ್ನೊಂದು ಚಿತ್ರ ಬರೆದುಕೊಟ್ಟಿದ್ದರು. ಕಪ್ಪು ಶಾಯಿಯಲ್ಲಿ ಬಂಡೆ, ಅಲೆ, ಸುರುಳಿ ಮೆಟ್ಟಿಲು. ಅದರಲ್ಲಿ ಒಂದನ್ನು ಇನ್ನೊಬ್ಬ ಸದಸ್ಯರು ತಮ್ಮದೇ ಒಂದು ಸಣ್ಣ ಸಾಹಸದ (ಆಡಲು ಬರೆದಿಟ್ಟ ಕಥೆಯ) ಮುಖಪುಟಕ್ಕೆ ಹಾಕಿ ಮಾರಾಟಕ್ಕಿಟ್ಟರು. ಅವರಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಎಲ್ಲ ಎಲ್ಲರದ್ದು ಅಂತ ನಿಜವಾಗಿ ನಂಬಿದ್ದರು. ಚಿತ್ರಗಾರ್ತಿಗೆ ಗೊತ್ತಾದದ್ದು ಬೇರೆ ಯಾರೋ ಅಭಿನಂದನೆ ಹೇಳಿದಾಗ. ಹನ್ನೊಂದೂ ಚಿತ್ರ ವಾಪಸ್ ತೆಗೆದುಕೊಂಡು ಹೊರಟುಹೋದರು. ಯಾರು ಸರಿ ಅಂತ ತೀರ್ಮಾನ ಮಾಡಲು ನಮ್ಮ ಹತ್ತಿರ ಒಂದು ಸಾಲೂ ಬರಹದಲ್ಲಿರಲಿಲ್ಲ.

ಈಗ ಇದೆ, ಅರ್ಧ ಪುಟ. ಆಟ ನಡೆಯುವ ಕ್ರಮಕ್ಕೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಇರುವುದಿಲ್ಲ, ಎರಡು ಡೈಸ್ ಕೂಡುವುದು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅದನ್ನು ವಿವರಿಸಿ ಬರೆದ ಮಾತುಗಳಿಗೆ, ಚಿತ್ರಗಳಿಗೆ ಇರುತ್ತದೆ. ಹಾಗಾಗಿ ಮಾತುಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟಿದ್ದೇವೆ. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ನಮ್ಮ ಹೆಸರು ಹೇಳಬೇಕು, ಬದಲಿಸಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಬಿಡಬೇಕು. ಚಿತ್ರಗಳು ಬರೆದವರದ್ದೇ, ಆಟಕ್ಕೆ ಬಳಸಲು ಅನುಮತಿ ಮಾತ್ರ ನಮ್ಮದು. ಹೊಸಬರು ಗುಂಪಿಗೆ ಬಂದರೆ ಮೊದಲು ಈ ಅರ್ಧ ಪುಟ, ಆಮೇಲೆ ಆಟ. ಆ ಚಿತ್ರಗಾರ್ತಿಗೆ ಕ್ಷಮೆ ಕೇಳಿ ಬರೆದೆವು. ಉತ್ತರ ಬಂತು, ಚಿತ್ರ ಬರಲಿಲ್ಲ.

ಲೈಸೆನ್ಸ್ ಅಂದರೆ ವಕೀಲರ ಮಾತು ಅಂತ ಮೂಗು ಮುರಿಯುವವರಿಗೆ 2023ರ ಜನವರಿಯನ್ನು ನೆನಪಿಸುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ಅಂತ ಮಾಡಿ, ತಮ್ಮ ನಿಯಮಗಳ ಮೇಲೆ ಬೇರೆಯವರೂ ಆಟ, ಪುಸ್ತಕ ಕಟ್ಟಲು ಬಿಟ್ಟಿತ್ತು. ಎಷ್ಟೋ ಜನರ ಜೀವನ ಅದರ ಮೇಲೆ ನಿಂತಿತ್ತು. 2023ರಲ್ಲಿ ಅದನ್ನು ಬಿಗಿ ಮಾಡುವ ಕರಡು ಸೋರಿಕೆಯಾಯಿತು. ಆಟಗಾರರು ರೊಚ್ಚಿಗೆದ್ದರು. ಅದೇ ತಿಂಗಳ 27ಕ್ಕೆ ಕಂಪನಿ ಹಿಂದೆ ಸರಿದು, ಐದನೇ ಆವೃತ್ತಿಯ ಮೂಲ ನಿಯಮಗಳ ಪಠ್ಯವನ್ನೇ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಿತು. ಒಮ್ಮೆ ಹಾಗೆ ಬಿಟ್ಟದ್ದನ್ನು ವಾಪಸ್ ಪಡೆಯಲು ಬರುವುದಿಲ್ಲ. ನಮ್ಮ ಅರ್ಧ ಪುಟಕ್ಕೂ ಅದೇ ಧೈರ್ಯ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಒಂದು ಟೆಸ್ಟ್‌ನಲ್ಲಿ ಜಿಎಂ, ಅಲೆಯ ಮೇಲೆ ಒಂದು ದೋಣಿ, ಅದರಲ್ಲಿ ಒಂದು ಮಗು ಅಂತ ವರ್ಣಿಸುತ್ತಿದ್ದರು. ಒಬ್ಬ ಆಟಗಾರ್ತಿ ಏನೂ ಮಾತಾಡದೆ ಒಂದು ಬಿಳಿ ಕಾರ್ಡ್ ಎತ್ತಿ ಹಿಡಿದರು. ಅದರ ಮೇಲೆ ಇಂಟು ಗುರುತು. ಜಾನ್ ಸ್ಟಾವ್ರೊಪೌಲೊಸ್ ಎಂಬ ವಿನ್ಯಾಸಕಾರರು ಬಳಕೆಗೆ ತಂದ ಪದ್ಧತಿ ಇದು. ಕಾರ್ಡ್ ಎತ್ತಿದರೆ ಆ ಸಂಗತಿಯನ್ನು ಕಥೆಯಿಂದ ತೆಗೆಯಬೇಕು, ಯಾಕೆ ಅಂತ ಕೇಳಬಾರದು. ಜಿಎಂ ಒಂದು ಕ್ಷಣ ನಿಂತು, 'ದೋಣಿ ಖಾಲಿ ಇತ್ತು, ಹಗ್ಗ ಕಿತ್ತು ತೇಲಿ ಬಂದಿತ್ತು' ಅಂದರು. ಆಟ ಮುಂದೆ ಹೋಯಿತು. ಆಕೆ ಕೊನೆಯವರೆಗೂ ಇದ್ದರು, ಹಡಗನ್ನು ಉಳಿಸಿದ್ದೂ ಆಕೆಯೇ. ಈ ಕಾರ್ಡ್ ನಮ್ಮ ಆಟದಲ್ಲಿ ಇರಬೇಕೋ ಬೇಡವೋ ಅಂತ ಅದಕ್ಕೆ ಮುಂಚೆ ಗುಂಪಿನಲ್ಲಿ ಚರ್ಚೆ ನಡೆದಿತ್ತು. ಆ ರಾತ್ರಿ ಆದ ಮೇಲೆ ಯಾರೂ ಆ ಚರ್ಚೆ ಎತ್ತಲಿಲ್ಲ. ಅದೀಗ ಮೂರನೇ ಪುಟದಲ್ಲಿದೆ. ಅಲ್ಲಿರುವುದು 'ಬೇಕು', 'ಬಹುದು' ಅಲ್ಲ.

ಪತ್ರ ನಿಮ್ಮ ಅಂಕಣಕ್ಕೆ ಉದ್ದವಾಯಿತು ಅಂತ ಗೊತ್ತು. ಜಾಗ ಸಾಲದಿದ್ದರೆ ಕತ್ತರಿ ಹಾಕಬಹುದು. 'ಬಹುದು' ಅಂದಿದ್ದೇನೆ, ದಯವಿಟ್ಟು ಗಮನಿಸಿ. ಡೈಸ್ ಲೆಕ್ಕಗಳನ್ನು ಮಾತ್ರ ಈ ಸಲ ಉಳಿಸಿ.

ಇಂತಿ,
ಒಬ್ಬ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ